ಹೊಸ ಪ್ರೋಗ್ರಾಮಿಂಗ್ ಭಾಷೆಗೆ ಎಕ್ಸ್‌ಟೆನ್ಶನ್: ಸೋರ್ಸ್‌ಗೆ ಯಾವುದು, ಬೈಟ್‌ಕೋಡ್‌ಗೆ ಯಾವುದು

ಹೊಸ ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಕಟ್ಟಲು ಹೊರಟವರು ಅದರ ವ್ಯಾಕರಣಕ್ಕೆ, ಪಾರ್ಸರ್‌ಗೆ, ದೋಷ ಸಂದೇಶಗಳಿಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಕಡತದ ಹೆಸರಿನ ಕೊನೆಯಲ್ಲಿ ಚುಕ್ಕಿ ಇಟ್ಟು ಏನು ಬರೆಯಬೇಕು ಎಂಬುದನ್ನು ಮಾತ್ರ ಡೆಮೊ ಹತ್ತಿರ ಬಂದಾಗ ನಿಂತ ಕಾಲಲ್ಲಿ ತೀರ್ಮಾನಿಸುತ್ತಾರೆ. ರಾಯಚೂರು, ಕೊಪ್ಪಳ, ಬಳ್ಳಾರಿಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಕನ್ನಡ ಕೀವರ್ಡ್‌ಗಳ ಸಣ್ಣ ಭಾಷೆಯೊಂದನ್ನು ಬರೆಯುವ ಆಸೆಯಿರುವ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೋಲಿಕೆಯನ್ನು ಬರೆದಿದ್ದೇನೆ. ವ್ಯಾಕರಣದ ತಪ್ಪನ್ನು ಮುಂದಿನ ಆವೃತ್ತಿಯಲ್ಲಿ ತಿದ್ದಬಹುದು. ಎಕ್ಸ್‌ಟೆನ್ಶನ್ ಒಮ್ಮೆ ಹೊರಗೆ ಹೋಯಿತೆಂದರೆ ಅದು ಬೇರೆಯವರ ಎಡಿಟರ್ ಸೆಟ್ಟಿಂಗ್‌ಗಳಲ್ಲಿ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನ ನಿರ್ಲಕ್ಷ್ಯ ಪಟ್ಟಿಗಳಲ್ಲಿ, ಪಾಠದ ಟಿಪ್ಪಣಿಗಳಲ್ಲಿ, ಬಿಲ್ಡ್ ಸ್ಕ್ರಿಪ್ಟ್‌ಗಳಲ್ಲಿ ಸೇರಿಕೊಂಡಿರುತ್ತದೆ, ಅವೆಲ್ಲವನ್ನೂ ಹುಡುಕಿ ತಿದ್ದುವ ಅಧಿಕಾರ ನಿಮಗಿರುವುದಿಲ್ಲ. ಪರ್ಲ್ 6 ಎಂಬ ಭಾಷೆ 2019ರಲ್ಲಿ ರಾಕು ಎಂದು ಹೆಸರು ಬದಲಿಸಿಕೊಂಡಾಗ ‘.ಪಿ6’, ‘.ಪಿಎಲ್6’, ‘.ಪಿಎಂ6’ ಎಂಬ ಹಳೆಯ ಎಕ್ಸ್‌ಟೆನ್ಶನ್‌ಗಳ ಜಾಗಕ್ಕೆ ‘.ರಾಕು’, ‘.ರಾಕುಮಾಡ್’ ಮುಂತಾದವು ಬಂದವು. ಭಾಷೆಯ ಹೆಸರು ಒಂದು ನಿರ್ಧಾರದಲ್ಲಿ ಬದಲಾಯಿತು, ಆದರೆ ಕಡತಗಳ ಹೆಸರು ಬದಲಾಗಲು ಪ್ರತಿಯೊಂದು ಲೈಬ್ರರಿಯ ಲೇಖಕನೂ ಕೈ ಹಾಕಬೇಕಾಯಿತು.

ಓದುಗರ ಅನುಕೂಲಕ್ಕೆ ಒಂದು ಮಾತು: ಇಲ್ಲಿ ಎಲ್ಲ ಎಕ್ಸ್‌ಟೆನ್ಶನ್‌ಗಳನ್ನೂ ಉಚ್ಚಾರಕ್ಕೆ ತಕ್ಕಂತೆ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದ್ದೇನೆ. ‘.ಪಿವೈ’ ಎಂದರೆ ಕಂಪ್ಯೂಟರಿನಲ್ಲಿ ಎರಡು ರೋಮನ್ ಸಣ್ಣಕ್ಷರಗಳು. ನಿಜವಾಗಿಯೇ ಕನ್ನಡ ಲಿಪಿಯಲ್ಲಿರುವ ಎಕ್ಸ್‌ಟೆನ್ಶನ್ ಬೇಕೇ ಎಂಬ ಪ್ರಶ್ನೆ ಬೇರೆಯೇ ಇದೆ, ಅದಕ್ಕೆ ಮುಂದೆ ಬರುತ್ತೇನೆ.

ಹೋಲಿಕೆಗೆ ಹಿಡಿತ ಸಿಗಲು ಒಂದು ಭಾಷೆಯನ್ನು ಕಲ್ಪಿಸಿಕೊಳ್ಳೋಣ. ತುಂಗಭದ್ರಾ ಎಡದಂಡೆ ಕಾಲುವೆಯ ಉಪಕಾಲುವೆಯೊಂದರಲ್ಲಿ ಯಾರ ಹೊಲಕ್ಕೆ ಯಾವ ಸರದಿಯಲ್ಲಿ ಎಷ್ಟು ಹೊತ್ತು ನೀರು ಎಂಬ ಲೆಕ್ಕವನ್ನು ಕನ್ನಡದಲ್ಲೇ ಬರೆದು ನಡೆಸಬಹುದಾದ ಭಾಷೆ ಅದು, ಹೆಸರು ಮಸ್ಕಿ. (ಅಶೋಕನ ಹೆಸರು ಬಿರುದಿನ ಜೊತೆಗೆ ಸ್ಪಷ್ಟವಾಗಿ ಕಾಣಿಸಿಕೊಂಡ ಶಿಲಾಶಾಸನ 1915ರಲ್ಲಿ ಪತ್ತೆಯಾದದ್ದು ಈ ಊರಿನಲ್ಲಿ. ಹೆಸರು ಚಿಕ್ಕದಾಗಿದೆ, ಬರೆಯಲು ಸುಲಭ, ಜಿಲ್ಲೆಯ ಹೊರಗಿನವರೂ ತಪ್ಪಿಲ್ಲದೆ ಉಚ್ಚರಿಸುತ್ತಾರೆ.) ರೋಮನ್ ಲಿಪಿಯಲ್ಲಿ ಅದು ಐದು ಅಕ್ಷರ. ಈ ಭಾಷೆಯಲ್ಲಿ ಸೋರ್ಸ್‌ಗೆ, ಅಂದರೆ ನಾವು ಬರೆಯುವ ಪ್ರೋಗ್ರಾಮಿನ ಕಡತಕ್ಕೆ, ಎಕ್ಸ್‌ಟೆನ್ಶನ್ ಒಂದು ಬೇಕು, ಅದನ್ನು ಅನುವಾದಿಸಿ ಕಂಪೈಲರ್ ಹೊರಡಿಸುವ ಬೈಟ್‌ಕೋಡ್‌ಗೆ (ವರ್ಚುವಲ್ ಮಷೀನ್ ಎಂಬ ತಂತ್ರಾಂಶ ಓದಿ ನಡೆಸುವ ಸಂಕೇತಗಳಿಗೆ) ಇನ್ನೊಂದು ಬೇಕು.

ಸೋರ್ಸ್: ಎರಡಕ್ಷರವೋ, ಪೂರ್ತಿ ಹೆಸರೋ

ಎಲ್ಲರಿಗೂ ಮೊದಲು ಹೊಳೆಯುವುದು ಎರಡು ಅಥವಾ ಮೂರು ಅಕ್ಷರ. ಈ ಅಭ್ಯಾಸಕ್ಕೆ ಒಂದು ಚರಿತ್ರೆಯಿದೆ. ಸಿಪಿ/ಎಂ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್‌ನ ಕಾಲದಿಂದ ಬಂದು 1981ರ ಎಂಎಸ್-ಡಾಸ್‌ನಲ್ಲಿ ನೆಲೆಯೂರಿದ ಪದ್ಧತಿಯಲ್ಲಿ ಕಡತದ ಹೆಸರಿಗೆ ಎಂಟು ಅಕ್ಷರ, ಎಕ್ಸ್‌ಟೆನ್ಶನ್‌ಗೆ ಮೂರು ಅಕ್ಷರ ಮಾತ್ರ ಇದ್ದವು. ವಿಂಡೋಸ್ 95 ಬಂದಾಗಲೇ ಆ ಕಟ್ಟು ಸಡಿಲವಾಗಿ 255 ಅಕ್ಷರಗಳವರೆಗೆ ಹೆಸರಿಡಲು ಸಾಧ್ಯವಾಯಿತು. ಯುನಿಕ್ಸ್ ಲೋಕದಲ್ಲಂತೂ ಎಕ್ಸ್‌ಟೆನ್ಶನ್ ಎಂಬುದು ಕಡತ ವ್ಯವಸ್ಥೆಗೆ ಗೊತ್ತೇ ಇಲ್ಲ, ಅದು ಹೆಸರಿನ ಒಂದು ತುಂಡು ಅಷ್ಟೇ. ಹಾಗಿದ್ದೂ ಮೂರಕ್ಷರದ ರೂಢಿ ಉಳಿದುಕೊಂಡಿದೆ.

ರೂಢಿಯ ತೊಂದರೆ ಲೆಕ್ಕದಲ್ಲೇ ಗೊತ್ತಾಗುತ್ತದೆ. ರೋಮನ್ ಅಕ್ಷರಗಳಲ್ಲಿ ಒಂದಕ್ಷರದ ಎಕ್ಸ್‌ಟೆನ್ಶನ್‌ಗಳು 26, ಎರಡಕ್ಷರದವು 676, ಮೂರಕ್ಷರದವು 17,576. ಇವುಗಳಲ್ಲಿ ಬಾಯಿಗೆ ಬರುವಂಥವು ಇನ್ನೂ ಕಡಿಮೆ, ಅವುಗಳಲ್ಲಿ ಹೆಚ್ಚಿನವಕ್ಕೆ ಈಗಾಗಲೇ ವಾರಸುದಾರರಿದ್ದಾರೆ. ‘.ಎಂ’ ಎಂಬ ಒಂದಕ್ಷರವನ್ನು ಆಬ್ಜೆಕ್ಟಿವ್-ಸಿ, ಮ್ಯಾಟ್‌ಲ್ಯಾಬ್, ಮರ್ಕ್ಯುರಿ ಮೂರೂ ಬಳಸುತ್ತವೆ. ‘.ವಿ’ ಎಂದರೆ ಚಿಪ್ ವಿನ್ಯಾಸದವರಿಗೆ ವೆರಿಲಾಗ್, ಗಣಿತದ ಸಾಧನೆಗಳನ್ನು ಯಂತ್ರದಿಂದ ಪರೀಕ್ಷಿಸುವವರಿಗೆ ಕಾಕ್ (2025ರಿಂದ ಅದರ ಹೆಸರು ರಾಕ್), ಇತ್ತೀಚಿನವರಿಗೆ ವಿ ಎಂಬ ಭಾಷೆ. ‘.ಪಿಎಲ್’ ಪರ್ಲ್‌ಗೂ ಪ್ರೊಲಾಗ್‌ಗೂ ಸೇರಿದೆ. ‘.ಡಿ’ ಡಿ ಭಾಷೆಯದೂ ಹೌದು, ಸಿ ಕಂಪೈಲರ್ ಮೇಕ್ ಎಂಬ ಬಿಲ್ಡ್ ಉಪಕರಣಕ್ಕೆಂದು ಬರೆದಿಡುವ ಅವಲಂಬನೆ ಕಡತದ್ದೂ ಹೌದು. ‘.ಟಿಎಸ್’ ಕತೆ ಹೆಚ್ಚು ಪ್ರಸಿದ್ಧ: ಟೈಪ್‌ಸ್ಕ್ರಿಪ್ಟ್ 2012ರಲ್ಲಿ ಬರುವ ಹೊತ್ತಿಗೆ ಅದು ಎಂಪೆಗ್ ವಿಡಿಯೊ ಸ್ಟ್ರೀಮಿನ ಎಕ್ಸ್‌ಟೆನ್ಶನ್ ಆಗಿತ್ತು, ಕ್ಯೂಟಿ ಲೈಬ್ರರಿಯ ಅನುವಾದ ಕಡತಗಳದ್ದೂ ಆಗಿತ್ತು, ಆದ್ದರಿಂದಲೇ ಇವತ್ತಿಗೂ ಕೆಲವು ಕಂಪ್ಯೂಟರುಗಳಲ್ಲಿ ಟೈಪ್‌ಸ್ಕ್ರಿಪ್ಟ್ ಕಡತದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ವಿಡಿಯೊ ಪ್ಲೇಯರ್ ತೆರೆದುಕೊಳ್ಳುತ್ತದೆ. ಟೈಪ್‌ಸ್ಕ್ರಿಪ್ಟ್‌ನ ಬೆನ್ನಿಗೆ ಮೈಕ್ರೋಸಾಫ್ಟ್ ಇತ್ತು, ಆದ್ದರಿಂದ ಅದು ಆ ಘರ್ಷಣೆಯನ್ನು ತಳ್ಳಿಕೊಂಡು ಮುಂದೆ ಹೋಯಿತು. ನಾಲ್ವರು ವಿದ್ಯಾರ್ಥಿಗಳ ಭಾಷೆಗೆ ಆ ಬಲವಿರುವುದಿಲ್ಲ.

ನಮ್ಮ ಮಸ್ಕಿಗೆ ಇದನ್ನು ಅನ್ವಯಿಸಿ ನೋಡಿ. ‘.ಎಂಕೆ’ ಚೆನ್ನಾಗಿ ಕಾಣುತ್ತದೆ, ಆದರೆ ಮೇಕ್‌ಫೈಲ್‌ಗಳಿಗೆ ಸೇರಿಸುವ ಕಡತಗಳಿಗೆ ಅದೇ ಎಕ್ಸ್‌ಟೆನ್ಶನ್ ಬಹುಕಾಲದಿಂದ ಬಳಕೆಯಲ್ಲಿದೆ, ಯಾವ ಎಡಿಟರಿನಲ್ಲಿ ತೆರೆದರೂ ಅದಕ್ಕೆ ಮೇಕ್‌ನ ಬಣ್ಣಗಳೇ ಹತ್ತುತ್ತವೆ. ‘.ಎಂಎಸ್’ ಟ್ರಾಫ್ ದಾಖಲೆಗಳಿಗೂ ತ್ರೀಡಿಎಸ್ ಮ್ಯಾಕ್ಸ್‌ನ ಸ್ಕ್ರಿಪ್ಟ್‌ಗಳಿಗೂ ಹೋಗಿದೆ. ‘.ಎಂಎಸ್‌ಕೆ’ ಎಂದು ಸ್ವರಗಳನ್ನೆಲ್ಲ ಕಿತ್ತು ಬರೆದರೆ ಜಾಗ ಸಿಗಬಹುದೇನೋ, ಆದರೆ ನೋಡಿದವರಿಗೆ ಅದು ಮಾಸ್ಕೋ ಎಂದೂ ಮಾಸ್ಕ್ ಎಂದೂ ಅನಿಸುತ್ತದೆಯೇ ಹೊರತು ಮಸ್ಕಿ ಎಂದಲ್ಲ. ‘.ಮಸ್ಕಿ’ ಎಂದು ಐದೂ ಅಕ್ಷರ ಬರೆದರೆ ಮೂರು ಅಕ್ಷರ ಹೆಚ್ಚು ಟೈಪ್ ಮಾಡಬೇಕು, ಅದೂ ಟ್ಯಾಬ್ ಒತ್ತಿದರೆ ಟರ್ಮಿನಲ್ ತಾನೇ ತುಂಬಿಕೊಡುತ್ತದೆ. ಜಾವಾ ಆರಂಭದಿಂದಲೂ ನಾಲ್ಕಕ್ಷರದ ತನ್ನ ಪೂರ್ತಿ ಹೆಸರನ್ನೇ ಬಳಸಿಕೊಂಡು ಬಂದಿದೆ, ಅದರಿಂದ ಯಾರಿಗೂ ಕಷ್ಟವಾದಂತಿಲ್ಲ. ನನ್ನ ಅಭಿಪ್ರಾಯ ಇಲ್ಲಿ ಸ್ಪಷ್ಟ: ಹೊಸ ಭಾಷೆಗೆ ಪೂರ್ತಿ ಹೆಸರೇ ಒಳ್ಳೆಯದು, ಹೆಸರು ತೀರಾ ಉದ್ದವಾಗಿದ್ದರೆ ಮಾತ್ರ ಮೊಟಕುಗೊಳಿಸಬೇಕು.

ಉದ್ದದ ಎಕ್ಸ್‌ಟೆನ್ಶನ್ ಪರವಾಗಿ ಇನ್ನೊಂದು ಕಾರಣವಿದೆ, ಅದು ಹತ್ತಿಪ್ಪತ್ತು ವರ್ಷಗಳ ಹಿಂದೆ ಯಾರಿಗೂ ಹೊಳೆಯುವಂಥದ್ದಾಗಿರಲಿಲ್ಲ. ಎರಡಕ್ಷರದ ಎಕ್ಸ್‌ಟೆನ್ಶನ್‌ಗಳಲ್ಲಿ ಬಹಳಷ್ಟು ಯಾವುದೋ ದೇಶದ ಅಂತರ್ಜಾಲ ವಿಳಾಸದ ಕೊನೆಯೂ ಆಗಿರುತ್ತವೆ: ‘.ಪಿವೈ’ ಪರಾಗ್ವೆ, ‘.ಆರ್‌ಎಸ್’ ಸರ್ಬಿಯಾ, ‘.ಪಿಎಲ್’ ಪೋಲೆಂಡ್, ‘.ಎಂಎಲ್’ ಮಾಲಿ, ನಮ್ಮ ‘.ಎಂಕೆ’ ಉತ್ತರ ಮೆಸಿಡೋನಿಯಾ, ‘.ಎಂಎಸ್’ ಮಾಂಟ್‌ಸೆರಾಟ್ ದ್ವೀಪ. ತರಗತಿಯ ಗ್ರೂಪಿನಲ್ಲಿ ‘ಈ ಕಡತ ನೋಡಿ’ ಎಂದು ಹೆಸರು ಬರೆದರೆ ಕೆಲವು ಚಾಟ್ ಆ್ಯಪ್‌ಗಳು ಅದನ್ನು ವೆಬ್ ವಿಳಾಸವೆಂದು ತಿಳಿದು ನೀಲಿ ಲಿಂಕ್ ಮಾಡುತ್ತವೆ, ಒತ್ತಿದವರು ಯಾರದೋ ಜಾಲತಾಣಕ್ಕೆ ಹೋಗಿ ನಿಲ್ಲುತ್ತಾರೆ. 2023ರಲ್ಲಿ ‘.ಜಿಪ್’ ಕೂಡ ವಿಳಾಸದ ಕೊನೆಯಾಗಿ ಮಾರಾಟಕ್ಕೆ ಬಂದ ಮೇಲೆ ಈ ಅಪಾಯದ ಬಗ್ಗೆ ಭದ್ರತಾ ತಜ್ಞರು ಜೋರಾಗಿಯೇ ಮಾತನಾಡಿದರು. ಕೊಡಬೇಕಾದ ತೂಕಕ್ಕಿಂತ ಹೆಚ್ಚು ಕೊಡಬೇಕಾಗಿಲ್ಲ, ಆದರೆ ಎರಡು ಆಯ್ಕೆಗಳು ಸಮನಾಗಿ ತೂಗುತ್ತಿರುವಾಗ ತಕ್ಕಡಿಯನ್ನು ಒಂದು ಕಡೆಗೆ ಬಾಗಿಸಲು ಇದು ಸಾಕು.

ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸದಲ್ಲಿ ಅರ್ಥ ತುಂಬುವ ಕೆಲಸಕ್ಕೆ ಕೈ ಹಾಕಲೇಬಾರದು. ಜಿಸಿಸಿ ಎಂಬ ಕಂಪೈಲರ್‌ಗೆ ಸಣ್ಣ ‘.ಸಿ’ ಎಂದರೆ ಸಿ ಭಾಷೆ, ದೊಡ್ಡ ‘.ಸಿ’ ಎಂದರೆ ಸಿ++. ವಿಂಡೋಸ್ ಮತ್ತು ಮ್ಯಾಕ್‌ಗಳ ಕಡತ ವ್ಯವಸ್ಥೆಗಳು ಸಾಮಾನ್ಯ ಸ್ಥಿತಿಯಲ್ಲಿ ಇವೆರಡನ್ನೂ ಒಂದೇ ಎಂದು ಎಣಿಸುತ್ತವೆ. ಎಲ್ಲ ಸಣ್ಣಕ್ಷರವಿರಲಿ, ವಿಷಯ ಮುಗಿಯಿತು.

ಸ್ಕ್ರಿಪ್ಟಿಗೆ ಒಂದು, ಮಾಡ್ಯೂಲಿಗೆ ಒಂದು, ಪರೀಕ್ಷೆಗೆ ಒಂದು ಎಂದು ಬೇರೆ ಬೇರೆ ಎಕ್ಸ್‌ಟೆನ್ಶನ್ ಇಡುವ ಪದ್ಧತಿಯೂ ಇದೆ. ಇಲಿಕ್ಸರ್‌ನಲ್ಲಿ ಕಂಪೈಲ್ ಆಗುವ ಕಡತಕ್ಕೆ ‘.ಇಎಕ್ಸ್’, ನೇರವಾಗಿ ಓಡುವ ಸ್ಕ್ರಿಪ್ಟಿಗೆ ‘.ಇಎಕ್ಸ್‌ಎಸ್’, ಒಕ್ಯಾಮಲ್‌ನಲ್ಲಿ ಇಂಟರ್‌ಫೇಸ್‌ಗೆ ‘.ಎಂಎಲ್‌ಐ’. ಆ ಭಾಷೆಗಳಿಗೆ ಅದರ ಅಗತ್ಯವಿತ್ತು. ಮೊದಲ ಆವೃತ್ತಿಗೆ ಒಂದೇ ಸಾಕು.

ಕನ್ನಡ ಲಿಪಿಯಲ್ಲೇ ಎಕ್ಸ್‌ಟೆನ್ಶನ್ ಇರಬಾರದೇಕೆ

ಕೀವರ್ಡ್‌ಗಳು ಕನ್ನಡದಲ್ಲಿರುವಾಗ, ‘ಆದರೆ’, ‘ಇಲ್ಲದಿದ್ದರೆ’, ‘ತನಕ’ ಎಂದು ಬರೆಯುವಾಗ, ಕಡತದ ಬಾಲ ಮಾತ್ರ ರೋಮನ್ ಆಗಿರಬೇಕೇ ಎಂದು ಯಾರಿಗಾದರೂ ಅನಿಸುತ್ತದೆ. ತಾಂತ್ರಿಕವಾಗಿ ಅಡ್ಡಿಯೇನಿಲ್ಲ. ಇಂದಿನ ಎಲ್ಲ ಮುಖ್ಯ ಕಡತ ವ್ಯವಸ್ಥೆಗಳೂ ಯೂನಿಕೋಡ್ ಹೆಸರುಗಳನ್ನು ಒಪ್ಪುತ್ತವೆ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳೆಂಬ ಭೇದವಿಲ್ಲದಿರುವುದರಿಂದ ಮೇಲೆ ಹೇಳಿದ ಒಂದು ತೊಂದರೆ ತಾನಾಗಿಯೇ ಇಲ್ಲವಾಗುತ್ತದೆ, ಬೇರೆ ಭಾಷೆಗಳ ಎಕ್ಸ್‌ಟೆನ್ಶನ್ ಜೊತೆ ಡಿಕ್ಕಿ ಹೊಡೆಯುವ ಭಯವಂತೂ ಇಲ್ಲವೇ ಇಲ್ಲ.

ಕಷ್ಟ ಇರುವುದು ಒಂದೇ ಅಕ್ಷರವನ್ನು ಎರಡು ರೀತಿಯಲ್ಲಿ ಬರೆದಿಡಬಹುದಾದ ಕಡೆ. ಯೂನಿಕೋಡಿನಲ್ಲಿ ಕನ್ನಡದ ಐದು ಸ್ವರಚಿಹ್ನೆಗಳಿಗೆ, ಅಂದರೆ ದೀರ್ಘ ಈ, ದೀರ್ಘ ಏ, ಐ, ಒ ಮತ್ತು ದೀರ್ಘ ಓ ಚಿಹ್ನೆಗಳಿಗೆ, ಇಡಿಯಾಗಿ ಒಂದು ಸಂಕೇತವೂ ಇದೆ, ಬಿಡಿಸಿ ಬರೆಯುವ ರೂಪವೂ ಇದೆ. ‘ಕೊ’ ಎಂಬುದನ್ನು ಕ ಮತ್ತು ಒ ಚಿಹ್ನೆಯಾಗಿ ಇಡಬಹುದು, ಅಥವಾ ಕ, ಎ ಚಿಹ್ನೆ, ಊ ಚಿಹ್ನೆ ಎಂದು ಮೂರು ತುಂಡಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಲಿನಕ್ಸ್‌ನ ಎಕ್ಸ್‌ಟ್4 ಸಾಮಾನ್ಯವಾಗಿ ಬೈಟ್‌ಗಳನ್ನು ನೋಡುತ್ತದೆಯೇ ಹೊರತು ಅಕ್ಷರಗಳನ್ನಲ್ಲ, ಹಾಗಾಗಿ ಅದಕ್ಕೆ ಇವು ಎರಡು ಬೇರೆ ಹೆಸರು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತದ ಹೆಸರುಗಳನ್ನು ಬಿಡಿಸಿಯೇ ಶೇಖರಿಸುತ್ತಿತ್ತು. ಈಗಿನ ಎಪಿಎಫ್‌ಎಸ್ ಕೊಟ್ಟದ್ದನ್ನು ಕೊಟ್ಟಂತೆ ಇಟ್ಟುಕೊಂಡು ಹೋಲಿಸುವಾಗ ಎರಡನ್ನೂ ಸಮವೆಂದು ತೆಗೆದುಕೊಳ್ಳುತ್ತದೆ. ಹಳೆಯ ಮ್ಯಾಕ್‌ನಿಂದ ಪೆನ್‌ಡ್ರೈವಿನಲ್ಲಿ ಬಂದ ಕಡತವನ್ನು ಲ್ಯಾಬಿನ ಲಿನಕ್ಸ್ ಯಂತ್ರದಲ್ಲಿ ಕಂಪೈಲ್ ಮಾಡಲು ಹೋದರೆ, ಕಣ್ಣಿಗೆ ಸರಿಯಾಗಿಯೇ ಕಾಣುವ ಹೆಸರನ್ನು ಕಂಪೈಲರ್ ‘ಇಂಥ ಕಡತವಿಲ್ಲ’ ಎಂದು ತಳ್ಳಿಹಾಕಬಹುದು, ಅದು ಏಕೆಂದು ಹುಡುಕುವುದರಲ್ಲೇ ಮಧ್ಯಾಹ್ನ ಕಳೆದುಹೋಗುತ್ತದೆ.

ನಮ್ಮ ಮೂರು ಜಿಲ್ಲೆಗಳ ಹೆಸರುಗಳನ್ನೇ ಎಕ್ಸ್‌ಟೆನ್ಶನ್ ಎಂದುಕೊಂಡು ಪರೀಕ್ಷಿಸಿದರೆ ಇದು ಚೆನ್ನಾಗಿ ತಿಳಿಯುತ್ತದೆ. ‘ಬಳ್ಳಾರಿ’ಯಲ್ಲಿರುವ ಆ, ಇ ಚಿಹ್ನೆಗಳು ಬಿಡಿಸಲಾಗದಂಥವು, ‘ರಾಯಚೂರು’ವಿನ ಆ, ಊ, ಉ ಚಿಹ್ನೆಗಳೂ ಹಾಗೆಯೇ, ಎಲ್ಲಿ ಟೈಪ್ ಮಾಡಿದರೂ ಒಂದೇ ಬೈಟ್‌ಗಳು ಬರುತ್ತವೆ. ‘ಕೊಪ್ಪಳ’ದ ಮೊದಲ ಅಕ್ಷರದಲ್ಲೇ ಒ ಚಿಹ್ನೆ ಇರುವುದರಿಂದ ಆ ಹೆಸರಿಗೆ ಮಾತ್ರ ಎರಡು ರೂಪ. ‘ಮಸ್ಕಿ’ ಸುರಕ್ಷಿತ: ಮ, ಸ, ವಿರಾಮ (ಅರ್ಧಾಕ್ಷರದ ಚಿಹ್ನೆ), ಕ, ಇ ಚಿಹ್ನೆ ಎಂದು ಐದು ಸಂಕೇತ, ಯುಟಿಎಫ್-8ರಲ್ಲಿ ತಲಾ ಮೂರರಂತೆ 15 ಬೈಟ್. ಆದರೆ ಎಕ್ಸ್‌ಟೆನ್ಶನ್ ಸುರಕ್ಷಿತವಾದರೂ ಅದರ ಹಿಂದಿನ ಹೆಸರು ಹಾಗಿರಬೇಕೆಂದೇನಿಲ್ಲ. ‘ತೋಟ’, ‘ನೀರು’, ‘ಮೇಲ್ದಂಡೆ’ ಎಲ್ಲದರಲ್ಲೂ ಬಿಡಿಸಬಹುದಾದ ಚಿಹ್ನೆಗಳಿವೆ. ಆದ್ದರಿಂದ ಕನ್ನಡ ಹೆಸರಿನ ಮಾಡ್ಯೂಲ್‌ಗಳನ್ನು ಒಪ್ಪುವ ಯಾವುದೇ ಭಾಷೆ, ಹೋಲಿಸುವ ಮುನ್ನ ಎರಡೂ ಕಡೆಯ ಹೆಸರನ್ನು ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತಂದುಕೊಳ್ಳಲೇಬೇಕು, ಎಕ್ಸ್‌ಟೆನ್ಶನ್ ಯಾವ ಲಿಪಿಯಲ್ಲಿದ್ದರೂ ಸರಿ.

ಇನ್ನು ಸುತ್ತಲಿನ ಉಪಕರಣಗಳು. ಗಿಟ್ ತನ್ನ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಕನ್ನಡ ಹೆಸರುಗಳನ್ನು ಕನ್ನಡವಾಗಿ ತೋರಿಸುವುದಿಲ್ಲ. ‘ಮ’ ಎಂಬ ಒಂದು ಅಕ್ಷರದ ಜಾಗದಲ್ಲಿ ‘\340\262\256’ ಎಂದು ಮೂರು ಬೈಟ್‌ಗಳನ್ನು ಎಂಟರ ಪದ್ಧತಿಯ ಅಂಕಿಗಳಾಗಿ ಮುದ್ರಿಸುತ್ತದೆ. ಕೋಟ್‌ಪಾತ್ ಎಂಬ ಸೆಟ್ಟಿಂಗನ್ನು ಆಫ್ ಮಾಡಿದರೆ ಇದು ಸರಿಹೋಗುತ್ತದೆ, ಆದರೆ ಅದನ್ನು ಪ್ರತಿಯೊಬ್ಬರ ಯಂತ್ರದಲ್ಲೂ ಆಫ್ ಮಾಡಬೇಕು. ಅನೇಕ ಟರ್ಮಿನಲ್‌ಗಳಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತವೆ. ಆದೇಶವನ್ನು ರೋಮನ್‌ನಲ್ಲಿ ಬರೆದು, ಹೆಸರಿಗೆ ನುಡಿ ಕೀಲಿಮಣೆ ವಿನ್ಯಾಸಕ್ಕೆ ಹೋಗಿ, ಮುಂದಿನ ಆಯ್ಕೆಗೆ ಮತ್ತೆ ಇಂಗ್ಲಿಷಿಗೆ ಬರುವ ಓಡಾಟ ಬೇರೆ. ಇವೆಲ್ಲವನ್ನೂ ತೂಗಿ ನೋಡಿದರೆ ಕಡತದ ಹೆಸರು ಕನ್ನಡದಲ್ಲಿರಲಿ, ಎಕ್ಸ್‌ಟೆನ್ಶನ್ ರೋಮನ್‌ನಲ್ಲಿರಲಿ ಎಂಬ ಕಡೆಗೇ ನಾನು ವಾಲುತ್ತೇನೆ. ಗಿಟ್ ಅಂಕಿಗಳ ಸಾಲನ್ನೇ ಮುದ್ರಿಸಿದರೂ ಕೊನೆಯ ಐದಕ್ಷರ ನೋಡಿ ಇದು ಮಸ್ಕಿ ಕಡತವೆಂದು ಗುರುತು ಹಿಡಿಯಬಹುದು. ಎರಡು ಲಿಪಿಗಳ ಎಕ್ಸ್‌ಟೆನ್ಶನ್‌ಗಳನ್ನೂ ಒಪ್ಪಿಕೊಳ್ಳೋಣ ಎಂಬ ರಾಜಿ ಸೂತ್ರ ಕೇಳಲು ಉದಾರವಾಗಿದೆ, ಆದರೆ ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಕಡತಗಳು ಎರಡು ಬಾಲ ಹೊತ್ತು ಕುಳಿತರೆ ಯಾವುದನ್ನು ಎತ್ತಿಕೊಳ್ಳಬೇಕೆಂಬ ನಿಯಮವನ್ನು ಆಮೇಲೆ ಬರೆಯಬೇಕಾಗುತ್ತದೆ.

ಕಂಪೈಲರ್ ಎಕ್ಸ್‌ಟೆನ್ಶನ್‌ಗೆ ಎಷ್ಟು ಕಿವಿಗೊಡಬೇಕು

ಪೈಥಾನ್‌ಗೆ ನೇರವಾಗಿ ಕಡತ ಕೊಟ್ಟರೆ ಅದರ ಬಾಲ ಏನಿದ್ದರೂ ಓಡಿಸುತ್ತದೆ. ಇಂಪೋರ್ಟ್ ಮಾಡುವಾಗ ಮಾತ್ರ ‘.ಪಿವೈ’ ಹುಡುಕುತ್ತದೆ. ಜಾವಾ ಕಂಪೈಲರ್ ‘.ಜಾವಾ’ ಇಲ್ಲದಿದ್ದರೆ ಕಡತವೆಂದೇ ಒಪ್ಪುವುದಿಲ್ಲ, ಪಬ್ಲಿಕ್ ಕ್ಲಾಸಿನ ಹೆಸರೂ ಕಡತದ ಹೆಸರೂ ಹೊಂದಬೇಕೆಂದು ಪಟ್ಟು ಹಿಡಿಯುತ್ತದೆ. ಜಿಸಿಸಿ ಯಾವ ಭಾಷೆ ಎಂಬುದನ್ನೇ ಎಕ್ಸ್‌ಟೆನ್ಶನ್ ನೋಡಿ ನಿರ್ಧರಿಸುತ್ತದೆ. ಈ ಮೂರರಲ್ಲಿ ಪೈಥಾನ್‌ನ ಧೋರಣೆ ಕಲಿಯುವವರಿಗೆ ಹಿತವಾದದ್ದು.

ನಮ್ಮ ಕಡೆಯ ಲ್ಯಾಬುಗಳಿಗೆ ಈ ವಿಷಯ ಒಂದು ನಿರ್ದಿಷ್ಟ ಕಾರಣಕ್ಕೆ ಮುಖ್ಯ. ವಿಂಡೋಸ್ ತನಗೆ ಪರಿಚಯವಿರುವ ಎಕ್ಸ್‌ಟೆನ್ಶನ್‌ಗಳನ್ನು ಮರೆಮಾಡುತ್ತದೆ, ಪರಿಚಯವಿಲ್ಲದವನ್ನು ತೋರಿಸುತ್ತದೆ. ನೋಟ್‌ಪ್ಯಾಡಿನಲ್ಲಿ ಪ್ರೋಗ್ರಾಂ ಬರೆದು ‘ಸರದಿ.ಮಸ್ಕಿ’ ಎಂದು ಉಳಿಸುವ ವಿದ್ಯಾರ್ಥಿನಿಯ ಕಡತಕ್ಕೆ ಹಲವು ಸಲ ಬೆನ್ನಿಗೊಂದು ‘.ಟಿಎಕ್ಸ್‌ಟಿ’ ಅಂಟಿಕೊಳ್ಳುತ್ತದೆ, ಎಕ್ಸ್‌ಪ್ಲೋರರ್ ಆ ಕೊನೆಯ ಬಾಲವನ್ನು ಮುಚ್ಚಿಟ್ಟು ‘ಸರದಿ.ಮಸ್ಕಿ’ ಎಂದಷ್ಟೇ ತೋರಿಸುತ್ತದೆ. ಹೆಸರು ಕಣ್ಣೆದುರೇ ಸರಿಯಾಗಿದೆ, ಕಂಪೈಲರ್ ಮಾತ್ರ ಇಲ್ಲ ಎನ್ನುತ್ತದೆ. ಹೊಸ ಭಾಷೆಯ ಕರ್ತೃಗಳು ಇದಕ್ಕೆ ಹತ್ತು ಸಾಲಿನ ಕೋಡ್ ಬರೆದು, ಕೇಳಿದ ಕಡತ ಸಿಗದಿದ್ದಾಗ ಅದೇ ಹೆಸರಿಗೆ ‘.ಟಿಎಕ್ಸ್‌ಟಿ’ ಸೇರಿಸಿ ಒಮ್ಮೆ ನೋಡಿ, ಸಿಕ್ಕಿದರೆ ‘ಈ ಕಡತದ ಕೊನೆಯಲ್ಲಿ ಟೆಕ್ಸ್ಟ್ ಎಕ್ಸ್‌ಟೆನ್ಶನ್ ಸೇರಿಕೊಂಡಿದೆ’ ಎಂದು ಕನ್ನಡದಲ್ಲೇ ತಿಳಿಸಿದರೆ ಎಕ್ಸ್‌ಟೆನ್ಶನ್ ಆಯ್ಕೆಯ ಅರ್ಧ ಗೋಳು ತಪ್ಪುತ್ತದೆ.

ಬೈಟ್‌ಕೋಡ್: ಮೊದಲು ಒಂದು ಪ್ರಶ್ನೆ

ಸೋರ್ಸ್ ಎಕ್ಸ್‌ಟೆನ್ಶನ್ ಮನುಷ್ಯರಿಗಾಗಿ ಇರುವುದು. ಬೈಟ್‌ಕೋಡ್ ಎಕ್ಸ್‌ಟೆನ್ಶನ್ ಯಾರಿಗಾಗಿ ಎಂಬುದು, ಆ ಬೈಟ್‌ಕೋಡ್ ಹುಟ್ಟಿದ ಯಂತ್ರವನ್ನು ಬಿಟ್ಟು ಹೊರಗೆ ಹೋಗುತ್ತದೆಯೇ ಇಲ್ಲವೇ ಎಂಬ ಒಂದೇ ಪ್ರಶ್ನೆಯ ಮೇಲೆ ನಿಂತಿದೆ. ಪೈಥಾನ್‌ನಲ್ಲಿ ಅದು ಹೊರಗೆ ಹೋಗುವುದಿಲ್ಲ, ಮುಂದಿನ ಸಲ ಬೇಗ ಆರಂಭವಾಗಲೆಂದು ಉಳಿಸಿಟ್ಟ ನಕಲು ಅಷ್ಟೇ. ಜಾವಾದಲ್ಲಿ ಜನರಿಗೆ ತಲುಪುವುದೇ ಬೈಟ್‌ಕೋಡ್. ಈ ಎರಡು ಸ್ಥಿತಿಗಳಿಗೆ ಒಂದೇ ಉತ್ತರ ಕೊಡಲು ಹೋದಾಗಲೇ ಗೊಂದಲವಾಗುತ್ತದೆ.

ನಕಲು ಮಾತ್ರ ಆಗಿದ್ದರೆ ಸೋರ್ಸ್ ಎಕ್ಸ್‌ಟೆನ್ಶನ್‌ಗೆ ಒಂದಕ್ಷರ ಸೇರಿಸುವ ಪದ್ಧತಿ ಸಾಕು. ಪೈಥಾನ್‌ನ ‘.ಪಿವೈ’ಗೆ ‘.ಪಿವೈಸಿ’, ಈಮ್ಯಾಕ್ಸ್ ಲಿಸ್ಪ್‌ನ ‘.ಇಎಲ್’ಗೆ ‘.ಇಎಲ್‌ಸಿ’, ಹಾಗೆಯೇ ಮಸ್ಕಿಗೆ ‘.ಮಸ್ಕಿಸಿ’. ಯಾವುದರ ನಕಲು ಎಂದು ಕೇಳಬೇಕಾಗಿಲ್ಲ. ಆದರೆ ಪೈಥಾನ್ ಈ ದಾರಿಯಲ್ಲಿ ಎಡವಿ ಕಲಿತ ಎರಡು ಪಾಠಗಳನ್ನು ನಾವು ಪುಕ್ಕಟೆಯಾಗಿ ಪಡೆಯಬಹುದು.

ಮೊದಲನೆಯದು ಕಡತ ಎಲ್ಲಿರಬೇಕು ಎಂಬುದು. ಹಳೆಯ ಪೈಥಾನ್ ‘.ಪಿವೈಸಿ’ಯನ್ನು ಸೋರ್ಸ್ ಪಕ್ಕದಲ್ಲೇ ಇಡುತ್ತಿತ್ತು. ಸೋರ್ಸ್ ಕಡತದ ಹೆಸರು ಬದಲಿಸಿದರೂ ಹಳೆಯ ಹೆಸರಿನ ಬೈಟ್‌ಕೋಡ್ ಅಲ್ಲೇ ಉಳಿಯುತ್ತಿತ್ತು, ಇಂಪೋರ್ಟ್ ಮಾಡಿದರೆ ಅದೇ ಓಡುತ್ತಿತ್ತು. ಅಳಿಸಿದ ಪ್ರೋಗ್ರಾಂ ಜೀವಂತವಿರುವಂತೆ ಕಾಣುತ್ತಿತ್ತು. ಒಂದೇ ಯಂತ್ರದಲ್ಲಿ ಎರಡು ಪೈಥಾನ್ ಆವೃತ್ತಿಗಳಿದ್ದರೆ ಒಂದು ಬರೆದದ್ದನ್ನು ಇನ್ನೊಂದು ಅಳಿಸಿ ತನ್ನದನ್ನು ಬರೆಯುತ್ತಿತ್ತು. 2011ರ ಪೈಥಾನ್ 3.2ರಲ್ಲಿ ‘ಪೈಕ್ಯಾಶ್’ ಎಂಬ ಪ್ರತ್ಯೇಕ ಫೋಲ್ಡರ್ ಬಂದು, ‘ಸರದಿ.ಸಿಪೈಥಾನ್-312.ಪಿವೈಸಿ’ ಎಂಬಂತೆ ಆವೃತ್ತಿಯ ಗುರುತು ಹೆಸರಿನ ನಡುವೆ ಸೇರಿತು. ಸೋರ್ಸ್ ಇಲ್ಲದಿದ್ದರೆ ಆ ಫೋಲ್ಡರಿನ ಬೈಟ್‌ಕೋಡನ್ನು ಇಂಪೋರ್ಟ್ ಮಾಡದಿರುವ ನಿಯಮವೂ ಬಂತು. ರ‍್ಯಾಕೆಟ್ ಭಾಷೆಯೂ ಕಂಪೈಲ್ ಆದ ಕಡತಗಳನ್ನು ಒಂದು ಉಪಫೋಲ್ಡರಿಗೆ ಸೇರಿಸುತ್ತದೆ. ಹೊಸ ಭಾಷೆಗೆ ಮೊದಲ ದಿನದಿಂದಲೇ ಈ ವ್ಯವಸ್ಥೆ ಇರಲಿ; ಗಿಟ್‌ನ ನಿರ್ಲಕ್ಷ್ಯ ಪಟ್ಟಿಗೂ ಒಂದು ಸಾಲು ಸಾಕಾಗುತ್ತದೆ.

ಎರಡನೆಯದು, ಕಂಪೈಲರ್ ಆಯ್ಕೆಗಳನ್ನು ಎಕ್ಸ್‌ಟೆನ್ಶನ್‌ನಲ್ಲಿ ಹೇಳಲು ಹೋಗಬಾರದು. ಆಪ್ಟಿಮೈಸ್ ಮಾಡಿದ ಬೈಟ್‌ಕೋಡ್‌ಗೆ ಪೈಥಾನ್ ‘.ಪಿವೈಒ’ ಎಂಬ ಬೇರೆ ಬಾಲ ಇಟ್ಟಿತ್ತು. ಆದರೆ ಆಪ್ಟಿಮೈಸೇಶನ್‌ನಲ್ಲಿ ಎರಡು ಮಟ್ಟಗಳಿದ್ದವು, ಎರಡಕ್ಕೂ ಒಂದೇ ಬಾಲ. ಯಾವುದು ಯಾವ ಮಟ್ಟದ್ದೆಂದು ಹೆಸರಿನಿಂದ ತಿಳಿಯುವಂತಿರಲಿಲ್ಲ. 2015ರ ಪೈಥಾನ್ 3.5ರಲ್ಲಿ ಅದನ್ನು ಕೈಬಿಟ್ಟು ಆ ವಿವರವನ್ನೂ ಹೆಸರಿನ ನಡುವಿಗೆ ಸಾಗಿಸಲಾಯಿತು.

ಬೈಟ್‌ಕೋಡೇ ಹೊರಗೆ ಹೋಗುವ ಸರಕಾಗಿದ್ದರೆ ಅದಕ್ಕೆ ಸ್ವಂತ ಹೆಸರು ಸಲ್ಲಬೇಕು, ಏಕೆಂದರೆ ಅದರ ಆಯುಷ್ಯ ಸೋರ್ಸ್ ಭಾಷೆಗಿಂತ ದೊಡ್ಡದಾಗಬಹುದು. ‘.ಕ್ಲಾಸ್’ ಎಂಬುದು ಜಾವಾಕ್ಕೆ ಹುಟ್ಟಿದರೂ ಇಂದು ಕೋಟ್ಲಿನ್, ಸ್ಕಾಲಾ ಕಂಪೈಲರ್‌ಗಳೂ ಅದನ್ನೇ 
ಹೊರಡಿಸುತ್ತವೆ. ‘.ಬೀಮ್’ ಅರ್ಲಾಂಗ್‌ನದೂ ಇಲಿಕ್ಸರ್‌ನದೂ ಹೌದು. ‘.ವಾಸ್ಮ್’ ಯಾವ ಒಂದು ಭಾಷೆಯ ಸೊತ್ತೂ ಅಲ್ಲ. ಇಲ್ಲಿ ಎಕ್ಸ್‌ಟೆನ್ಶನ್ ಗುರುತಿಸುವುದು ವರ್ಚುವಲ್ ಮಷೀನನ್ನು.

ಮೂರನೆಯ ಆಯ್ಕೆಯಾಗಿ ಸಾಮಾನ್ಯ ಪದಗಳ ಸಂಕ್ಷೇಪ ಹಲವರನ್ನು ಸೆಳೆಯುತ್ತದೆ, ಅದನ್ನು ನಾನು ಒಪ್ಪುವುದಿಲ್ಲ. ಬೈಟ್‌ಕೋಡ್ ಎಂಬುದರ ಎರಡಕ್ಷರವಾದ ‘.ಬಿಸಿ’ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಚೌಕಟ್ಟಿನ ಬಿಟ್‌ಕೋಡಿನದು. ‘.ಒ’ ಆಬ್ಜೆಕ್ಟ್ ಕಡತಗಳದು, ‘.ಒಬಿಜೆ’ ಅದರ ಜೊತೆಗೆ ತ್ರೀಡಿ ಮಾದರಿಗಳದೂ ಹೌದು. ‘.ಬಿನ್’ ಯಾರದೂ ಅಲ್ಲ, ಎಲ್ಲರದೂ. ಈ ದಾರಿಯಲ್ಲಿ ಆಗಬಹುದಾದ ಅತಿ ವಿಚಿತ್ರ ಡಿಕ್ಕಿ ಗೈಲ್ ಎಂಬ ಸ್ಕೀಮ್ ಅನುಷ್ಠಾನದ್ದು. ಗೂಗಲ್ 2009ರಲ್ಲಿ ಗೋ ಭಾಷೆಯನ್ನು ಪ್ರಕಟಿಸಿತು, ಅದರ ಸೋರ್ಸ್ ಎಕ್ಸ್‌ಟೆನ್ಶನ್ ‘.ಗೋ’, 2011ರಲ್ಲಿ ಬಂದ ಗೈಲ್ 2.0 ತನ್ನ ಕಂಪೈಲ್ ಆದ ಕಡತಗಳಿಗೂ ‘.ಗೋ’ ಎಂದೇ ಇಟ್ಟಿತು. ಒಬ್ಬರ ಸೋರ್ಸ್ ಇನ್ನೊಬ್ಬರ ಬೈಟ್‌ಕೋಡ್ ಆಗಿದೆ. ಗೈಲ್ ಆ ಕಡತಗಳನ್ನು ಬಹುತೇಕ ಬಳಕೆದಾರನ ಕ್ಯಾಶ್ ಫೋಲ್ಡರಿನಲ್ಲಿ ಕಣ್ಮರೆಯಾಗಿ ಇಡುವುದರಿಂದ ಜಗಳ ಬೀದಿಗೆ ಬಂದಿಲ್ಲ.

ಬೈಟ್‌ಕೋಡಿನ ನಿಜವಾದ ಗುರುತು ಒಳಗಿರಬೇಕು

ಎಕ್ಸ್‌ಟೆನ್ಶನ್ ಯಾವುದೇ ಇರಲಿ, ವರ್ಚುವಲ್ ಮಷೀನ್ ಅದನ್ನು ನಂಬಬಾರದು. ಗಂಗಾವತಿಯ ಅಕ್ಕಿ ಚೀಲದ ಮೇಲೆ ಏನೇ ಮುದ್ರಿಸಿದ್ದರೂ ತಿಳಿದ ವ್ಯಾಪಾರಿ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ಹಿಡಿ ಕಾಳನ್ನು ಅಂಗೈ ಮೇಲೆ ಸುರಿದುಕೊಂಡು ನೋಡಿಯೇ ದರ ಮಾತನಾಡುತ್ತಾನೆ. ಬೈಟ್‌ಕೋಡ್ ಕಡತದ ಮೊದಲ ಕೆಲವು ಬೈಟ್‌ಗಳು ಆ ಹಿಡಿ ಕಾಳು; ಅವನ್ನು ಮ್ಯಾಜಿಕ್ ನಂಬರ್ ಎನ್ನುತ್ತಾರೆ.

ಲುವಾ ಬೈಟ್‌ಕೋಡ್ ಎಸ್ಕೇಪ್ ಎಂಬ ಬೈಟಿನಿಂದ, ಅಂದರೆ 27ರಿಂದ ಆರಂಭವಾಗಿ ಅದರ ಹಿಂದೆ ಭಾಷೆಯ ಹೆಸರನ್ನೇ ಹೊತ್ತಿರುತ್ತದೆ. ವೆಬ್‌ಅಸೆಂಬ್ಲಿಯ ಮೊದಲ ಬೈಟ್ ಸೊನ್ನೆ. ಹೀಗೆ ಮೊದಲ ಬೈಟನ್ನು ಸಾಮಾನ್ಯ ಪಠ್ಯದಲ್ಲಿ ಬಾರದಂಥದ್ದಾಗಿ ಇಟ್ಟರೆ ಲೋಡರ್ ಒಂದೇ ಬೈಟ್ ಓದಿ ಇದು ಸೋರ್ಸೋ ಬೈಟ್‌ಕೋಡೋ ಎಂದು ಹೇಳಬಲ್ಲದು. ಪೈಥಾನ್‌ನ ನಾಲ್ಕು ಬೈಟ್‌ಗಳಲ್ಲಿ ಕೊನೆಯ ಎರಡು 13 ಮತ್ತು 10, ಅಂದರೆ ಸಾಲು ಮುಗಿಯುವ ಗುರುತುಗಳು. ಯಾರಾದರೂ ಕಡತವನ್ನು ಪಠ್ಯವೆಂದು ತಿಳಿದು ವರ್ಗಾಯಿಸಿ ಸಾಲುಗಳ ಕೊನೆಯನ್ನು ಬದಲಿಸಿದ್ದರೆ ಮೊದಲು ಕೆಡುವುದು ಈ ಗುರುತೇ, ಹಾಗಾಗಿ ಹಾನಿ ಅಲ್ಲೇ ಸಿಕ್ಕಿಬೀಳುತ್ತದೆ. ಜಾವಾದ ಪ್ರಸಿದ್ಧ ‘ಕೆಫೆ ಬೇಬ್’ ಎಂಬ ನಾಲ್ಕು ಬೈಟ್‌ಗಳನ್ನು ಮ್ಯಾಕ್‌ನ ಬಹು-ಪ್ರೊಸೆಸರ್ ಪ್ರೋಗ್ರಾಂ ಕಡತಗಳೂ ಬಳಸುತ್ತವೆ. ಯುನಿಕ್ಸ್‌ನ ‘ಫೈಲ್’ ಆದೇಶ ನಂತರದ ಸಂಖ್ಯೆಯನ್ನು ನೋಡಿ ಇವನ್ನು ಬೇರ್ಪಡಿಸಬೇಕಾಗಿದೆ. ಅಂದ ಮೇಲೆ ಚಮತ್ಕಾರದ ಪದಕ್ಕಿಂತ ನಿಮ್ಮ ಭಾಷೆಯ ಹೆಸರೇ ಮೇಲು.

ಗುರುತಿನ ಬೆನ್ನಿಗೆ ಬೈಟ್‌ಕೋಡ್ ಆವೃತ್ತಿ ಇರಲಿ. ಜಾವಾ 8ರ ಕ್ಲಾಸ್ ಕಡತದಲ್ಲಿ ಅದು 52, ಜಾವಾ 17ರದ್ದರಲ್ಲಿ 61. ಹೊಸದನ್ನು ಹಳೆಯ ಯಂತ್ರಕ್ಕೆ ಕೊಟ್ಟಾಗ ಬರುವ ದೋಷ ಸಂದೇಶ ಜಾವಾ ಕಲಿತವರೆಲ್ಲರಿಗೂ ಗೊತ್ತು, ಆದರೆ ತಪ್ಪು ಉತ್ತರ ಬರುವುದಕ್ಕಿಂತ ಅಂಥ ಸಂದೇಶ ಸಾವಿರ ಪಾಲು ವಾಸಿ. ಸೋರ್ಸ್ ಬದಲಾಗಿದೆಯೇ ಎಂದು ತಿಳಿಯಲು ಸೋರ್ಸ್‌ನ ಸಮಯವನ್ನು ಬರೆದಿಡುವುದು ಒಂದು ವಿಧಾನ, ಅದರ ಹ್ಯಾಶ್, ಅಂದರೆ ಒಳಗಿನ ಬರಹದಿಂದಲೇ ಲೆಕ್ಕ ಹಾಕಿದ ಗುರುತಿನ ಸಂಖ್ಯೆ, ಬರೆದಿಡುವುದು ಇನ್ನೊಂದು, ಪೈಥಾನ್ 3.7ರಿಂದ ಎರಡಕ್ಕೂ ಅವಕಾಶವಿದೆ. ಸಿಮಾಸ್ ಬ್ಯಾಟರಿ ಸತ್ತು, ಪ್ರತಿ ಸಲ ಆನ್ ಮಾಡಿದಾಗಲೂ ಹಳೆಯ ಇಸವಿ ತೋರಿಸುವ ಹಳೆಯ ಕಂಪ್ಯೂಟರುಗಳ ಲ್ಯಾಬಿನಲ್ಲಿ ಸಮಯದ ಮೇಲೆ ಭರವಸೆ ಇಡುವಂತಿಲ್ಲ. ಸಣ್ಣ ಪ್ರೋಗ್ರಾಂಗಳಿಗೆ ಹ್ಯಾಶ್ ಲೆಕ್ಕ ಹಾಕಲು ಬೇಕಾಗುವ ಹೊತ್ತು ಲೆಕ್ಕಕ್ಕಿಲ್ಲದಷ್ಟು ಕಡಿಮೆ.

ಆಯ್ಕೆಯನ್ನು ಖಚಿತಪಡಿಸುವ ಮುನ್ನ ಹುಡುಕಬೇಕಾದ ಜಾಗಗಳು ಬಹಳವಿಲ್ಲ. ಗಿಟ್‌ಹಬ್ ಭಾಷೆಗಳನ್ನು ಗುರುತಿಸಲು ಬಳಸುವ ಲಿಂಗ್ವಿಸ್ಟ್ ಎಂಬ ತಂತ್ರಾಂಶದ ಭಾಷಾಪಟ್ಟಿ ಮುಕ್ತವಾಗಿ ಸಿಗುತ್ತದೆ, ಅದರಲ್ಲಿ ಎಕ್ಸ್‌ಟೆನ್ಶನ್ ಹಾಕಿ ಹುಡುಕಬೇಕು. ಲಿನಕ್ಸ್ ಡೆಸ್ಕ್‌ಟಾಪ್‌ಗಳು ಹಂಚಿಕೊಳ್ಳುವ ಮೈಮ್ ಪಟ್ಟಿಯನ್ನೂ ಅಂತರ್ಜಾಲ ವಿಳಾಸಗಳ ಅಧಿಕೃತ ಪಟ್ಟಿಯನ್ನೂ ಒಮ್ಮೆ ನೋಡಬೇಕು. ಜಿಮೇಲ್‌ನಂಥ ಸೇವೆಗಳು ‘.ಇಎಕ್ಸ್‌ಇ’, ‘.ಬ್ಯಾಟ್’, ‘.ಜಾರ್’, ‘.ಜೆಎಸ್’ ಲಗತ್ತುಗಳನ್ನು ತಡೆಯುತ್ತವೆಯಾದ್ದರಿಂದ ಅವುಗಳ ಹತ್ತಿರದ ಹೆಸರಿಗೂ ಹೋಗದಿರುವುದು ಒಳ್ಳೆಯದು.

ಇಷ್ಟಾದ ಮೇಲೆ ಮಸ್ಕಿಗೆ ನಾನು ಕೊಡುವ ಉತ್ತರ: ಸೋರ್ಸ್‌ಗೆ ರೋಮನ್ ಸಣ್ಣಕ್ಷರಗಳ ‘.ಮಸ್ಕಿ’, ಲ್ಯಾಪ್‌ಟಾಪಿನಲ್ಲೇ ಓಡುವವರೆಗೆ ಬೈಟ್‌ಕೋಡ್‌ಗೆ ಕ್ಯಾಶ್ ಫೋಲ್ಡರಿನೊಳಗೆ ‘.ಮಸ್ಕಿಸಿ’. ಮುಂದೊಂದು ದಿನ ಸಿಂಧನೂರಿನ ಕಡೆಯ ಯಾವುದೋ ತೂಬಿನ ಬಳಿ ಇಎಸ್‌ಪಿ32 ಎಂಬ ಚಿಪ್ಪಿನ ಪುಟ್ಟ ಬೋರ್ಡೊಂದನ್ನು ಕೂರಿಸಿ ಸರದಿಯ ಪ್ರೋಗ್ರಾಮನ್ನು ಅದರಲ್ಲಿ ಓಡಿಸುವ ಯೋಚನೆ ಬಂದರೆ ಲೆಕ್ಕ ಬದಲಾಗುತ್ತದೆ, ಏಕೆಂದರೆ ಆಗ ಬೋರ್ಡಿಗೆ ಹೋಗುವುದು ಬೈಟ್‌ಕೋಡ್ ಮಾತ್ರ. ಇಂಥ ಬೋರ್ಡುಗಳಿಗೆಂದೇ ಇರುವ ಮೈಕ್ರೋಪೈಥಾನ್ ಇದೇ ಸ್ಥಿತಿಯಲ್ಲಿ ‘.ಪಿವೈಸಿ’ಯನ್ನು ಎರವಲು ಪಡೆಯದೆ ‘.ಎಂಪಿವೈ’ ಎಂಬ ಬೇರೆ ಎಕ್ಸ್‌ಟೆನ್ಶನ್ ಇಟ್ಟುಕೊಂಡಿತು, ಅದರ ಬೈಟ್‌ಕೋಡ್ ದೊಡ್ಡ ಪೈಥಾನ್‌ನಲ್ಲಿ ಓಡುವುದಿಲ್ಲ, ಫರ್ಮ್‌ವೇರ್ ಆವೃತ್ತಿ ಹೊಂದದಿದ್ದರೆ ಬೋರ್ಡೂ ಅದನ್ನು ಒಪ್ಪುವುದಿಲ್ಲ. ಮಸ್ಕಿಯ ಬೋರ್ಡ್ ಬೈಟ್‌ಕೋಡ್‌ಗೂ ಅಂದು ಪ್ರತ್ಯೇಕ ಎಕ್ಸ್‌ಟೆನ್ಶನ್, ಪ್ರತ್ಯೇಕ ಮ್ಯಾಜಿಕ್ ನಂಬರ್ ಕೊಡಬೇಕಾಗುತ್ತದೆ, ಲ್ಯಾಪ್‌ಟಾಪಿನ ‘.ಮಸ್ಕಿಸಿ’ಯನ್ನು ಮುಟ್ಟಬೇಕಾಗಿಲ್ಲ.